ಮರದಂತೆ ಕಾಣುವ ವಿನೈಲ್ ನೆಲ: ರೋಲ್, ಸ್ಟಿಕ್ಕರ್ ಹಲಗೆ, ಅಂಟಿನ ಹಲಗೆ, ಎಸ್‌ಪಿಸಿ

ತೇಗ, ಓಕ್, ವಾಲ್‌ನಟ್ ಅಂತ ಕ್ಯಾಟಲಾಗಿನಲ್ಲಿ ತೋರಿಸುವುದೆಲ್ಲ ವಿನೈಲ್ ಎಂಬ ಪ್ಲಾಸ್ಟಿಕ್ ಹಾಳೆಯ ಮೇಲಿನ ಮುದ್ರಣ. ಚದರಡಿಗೆ ಮೂವತ್ತು ರೂಪಾಯಿಯ ರೋಲಿನಲ್ಲೂ ನೂರೈವತ್ತು ರೂಪಾಯಿಯ ಎಸ್‌ಪಿಸಿ (ಕಲ್ಲಿನ ಪುಡಿ ಸೇರಿದ ಗಟ್ಟಿ ಪ್ಲಾಸ್ಟಿಕ್) ಹಲಗೆಯಲ್ಲೂ ಮರ ಇಲ್ಲ, ಮರದ ಚಿತ್ರ ಇದೆ. ಹಾಗಾಗಿ ಬಣ್ಣ ನೋಡಿ ಆರಿಸಲು ಕೂತರೆ ಎಲ್ಲವೂ ಒಂದೇ ಥರ ಕಂಡು, ಕೊನೆಗೆ ಅಂಗಡಿಯವರು ಹೇಳಿದ್ದನ್ನೇ ತರುವುದಾಗುತ್ತದೆ. ನಾಲ್ಕು ಬಗೆಯನ್ನೂ ಹಾಕಿ, ಬಳಸಿ, ಕಿತ್ತು ನೋಡಿದಾಗ ವ್ಯತ್ಯಾಸ ಎದ್ದು ಕಂಡದ್ದು ಬೇರೆ ಕಡೆ. ಕೆಳಗಿನ ನೆಲ ಎಷ್ಟು ಸಮವಾಗಿದೆ, ಎಷ್ಟು ಒಣಗಿದೆ, ಮನೆಯವರು ನೆಲ ಒರೆಸುವವರೋ ತೊಳೆಯುವವರೋ ಎಂಬುದರ ಮೇಲೆ ಯಾವುದು ಬಾಳುತ್ತದೆ, ಯಾವುದು ಏಳುತ್ತದೆ ಎಂಬುದು ನಿಂತಿದೆ.

ಹೋಲಿಕೆಗೆ ಒಂದೇ ಅಳತೆ ಇಟ್ಟುಕೊಳ್ಳೋಣ: 10 ಅಡಿ ಅಗಲ, 12 ಅಡಿ ಉದ್ದದ ಮಲಗುವ ಕೋಣೆ, ಕೆಳಗೆ ಹಳೆಯ ವಿಟ್ರಿಫೈಡ್ ಟೈಲ್ಸ್. ಇಲ್ಲಿ ಹೇಳುವ ಬೆಲೆಗಳು ಅಂದಾಜು. ಊರಿಂದ ಊರಿಗೆ, ಸಾಗಣೆಯ ಮೇಲೆ ಬದಲಾಗುತ್ತವೆ. ಕೇಳುವಾಗ ಶೇ. 18 ಜಿಎಸ್‌ಟಿ ಸೇರಿಸಿ ಹೇಳಿದ್ದೋ ಬಿಟ್ಟು ಹೇಳಿದ್ದೋ ಎಂದು ಕೇಳಿಯೇ ಬಿಡಿ.

ಮೊದಲು ಕೆಳಗಿನ ನೆಲ

ಆರೂವರೆ ಅಡಿಯ ನೇರ ಅಲ್ಯೂಮಿನಿಯಂ ಪಟ್ಟಿಯೊಂದನ್ನು ನೆಲದ ಮೇಲೆ ಉದ್ದಕ್ಕೂ ಅಡ್ಡಕ್ಕೂ ಇಟ್ಟು, ಪಟ್ಟಿಯ ಹಿಂದಿನಿಂದ ಬೆಳಕು ಬಿಡಿ. ಪಟ್ಟಿಗೂ ನೆಲಕ್ಕೂ ನಡುವೆ 3 ಮಿ.ಮೀ.ಗಿಂತ ಹೆಚ್ಚು ಸಂದು ಕಂಡ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಆ ತಗ್ಗು ತುಂಬದೆ ಮುಂದಕ್ಕೆ ಹೋಗಬಾರದು. ಟೈಲ್ಸ್‌ನ ಸಂದುಗಳನ್ನೂ ತುಂಬಬೇಕು. ಅದಕ್ಕೆ ಪಾಲಿಮರ್ ಸೇರಿದ ನೆಲದ ಗಾರೆ ಅಥವಾ ತಾನೇ ಮಟ್ಟವಾಗುವ ಸೆಲ್ಫ್ ಲೆವೆಲಿಂಗ್ ಮಿಶ್ರಣ ಬೇಕು. ಪೇಂಟಿಂಗ್‌ಗೆ ತಂದು ಉಳಿದ ಗೋಡೆ ಪುಟ್ಟಿಯನ್ನು ಹಚ್ಚುವುದು ಬಹಳ ಕಡೆ ನಡೆಯುತ್ತದೆ. ಅದು ನುಣುಪು ಟೈಲಿಗೆ ಹಿಡಿಯುವುದಿಲ್ಲ, ಕಾಲ ತುಳಿತಕ್ಕೆ ಪುಡಿಯಾಗಿ ಎದ್ದುಬರುತ್ತದೆ, ಜೊತೆಗೆ ಮೇಲಿನ ಹಲಗೆಯನ್ನೂ ಎಬ್ಬಿಸುತ್ತದೆ.

ತೇವ ನೋಡಲು ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹರಡಿ, ನಾಲ್ಕೂ ಬದಿ ಟೇಪ್ ಹಚ್ಚಿ ಎರಡು ದಿನ ಬಿಡಿ. ತೆಗೆದಾಗ ಅಡಿಯಲ್ಲಿ ನೀರಿನ ಹನಿ ಕಂಡರೆ ಅಥವಾ ನೆಲ ಕಪ್ಪಾಗಿದ್ದರೆ ಅಂಟು ಬಳಸುವ ಬಗೆ ಯಾವುದೂ ಬೇಡ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ನೆಲಮಹಡಿಯ ಮನೆಯಾದರೆ ಈ ಪರೀಕ್ಷೆಯನ್ನು ಮಳೆಗಾಲದಲ್ಲೇ ಮಾಡಬೇಕು. ಏಪ್ರಿಲ್‌ನಲ್ಲಿ ಬೆಣಚುಕಲ್ಲಿನಂತೆ ಒಣಗಿರುವ ನೆಲ ಜುಲೈನಲ್ಲಿ ಬೆವರುತ್ತದೆ. ಹೊಸ ಸಿಮೆಂಟ್ ನೆಲವಾದರೆ ಕನಿಷ್ಠ 28 ದಿನ ಕಾದು, ಆಮೇಲೆ ಇದೇ ಪರೀಕ್ಷೆ.

ಹಳೆಯ ಮನೆಗಳ ಕೆಂಪು ಗಾರೆ ನೆಲದ ಬಗ್ಗೆ ಒಂದು ಮಾತು. ವರ್ಷಗಟ್ಟಲೆ ಎಣ್ಣೆ, ಮೇಣ ಉಂಡ ಆ ನೆಲಕ್ಕೆ ಅಂಟು ಹಿಡಿಯುವುದೇ ಕಷ್ಟ. ಹಿಡಿದರೆ ಮುಂದೆ ಬಿಡಿಸುವುದು ಇನ್ನೂ ಕಷ್ಟ. ಬಿರುಕಿಲ್ಲದ ಕೆಂಪು ನೆಲ ಇರುವವರು ಅದರ ಮೇಲೆ ಏನನ್ನೂ ಅಂಟಿಸಬೇಡಿ. ಈ ನಾಲ್ಕರಲ್ಲಿ ಯಾವುದೂ ಅದರ ಸಮ ಬರುವುದಿಲ್ಲ.

ರೋಲ್

ಜನ ಪ್ಲಾಸ್ಟಿಕ್ ಕಾರ್ಪೆಟ್ ಅನ್ನುವುದು ಇದನ್ನೇ. ಅರ್ಧ ಮಿ.ಮೀ.ನಿಂದ 2 ಮಿ.ಮೀ.ವರೆಗೆ ಸಿಗುತ್ತದೆ. ಅರ್ಧ ಮಿ.ಮೀ. ದಪ್ಪದ್ದು ತೀರ ಅಗ್ಗ, ಆದರೆ ಮಂಚ ಒಮ್ಮೆ ಸರಿಸಿದರೆ ಕಾಲು ಸಿಕ್ಕಿ ಹರಿಯುತ್ತದೆ. ತರುವುದಾದರೆ 1.5 ಮಿ.ಮೀ.ಗೆ ಕಡಿಮೆ ಬೇಡ. ಅದು ಚದರಡಿಗೆ 30ರಿಂದ 45 ರೂಪಾಯಿ ಆಸುಪಾಸು.

ಇಲ್ಲಿ ದುಡ್ಡು ಉಳಿಯುವುದೂ ಪೋಲಾಗುವುದೂ ರೋಲನ್ನು ಯಾವ ದಿಕ್ಕಿಗೆ ಹಾಸುತ್ತೀರಿ ಎಂಬುದರಲ್ಲಿ. ಸಾಮಾನ್ಯ ರೋಲಿನ ಅಗಲ 2 ಮೀಟರ್, ಅಂದರೆ ಆರು ಅಡಿ ಏಳು ಇಂಚು. ನಮ್ಮ ಕೋಣೆಗೆ ಎರಡು ಪಟ್ಟಿ ಬೇಕೇ ಬೇಕು. 12 ಅಡಿ ಉದ್ದದ ದಿಕ್ಕಿಗೆ ಹಾಸಿದರೆ ಹನ್ನೆರಡೂವರೆ ಅಡಿಯ ಎರಡು ತುಂಡು, ಒಟ್ಟು 25 ಅಡಿ. ಮೂರಡಿ ಅಗಲದ ಪಟ್ಟಿ ಕತ್ತರಿಸಿ ಬಿಸಾಡಬೇಕು. ಅಡ್ಡಕ್ಕೆ ಹಾಸಿದರೆ ಹತ್ತೂವರೆ ಅಡಿಯ ಎರಡು ತುಂಡು, 21 ಅಡಿಗೆ ಮುಗಿಯಿತು. 26 ಚದರಡಿ ಉಳಿತಾಯ. ಮರದ ಗೆರೆ ಕೋಣೆಯ ಉದ್ದಕ್ಕೆ ಓಡುವ ಬದಲು ಅಡ್ಡಕ್ಕೆ ಓಡುತ್ತದೆ, ಅಷ್ಟೇ.

ತಂದ ರೋಲನ್ನು ಬಿಚ್ಚಿ ಒಂದು ರಾತ್ರಿ ಹಾಗೇ ಬಿಡಿ, ಸುರುಳಿಯ ಬಾಗು ಇಳಿಯಲಿ. ಎರಡು ಪಟ್ಟಿ ಸೇರುವ ಕಡೆ ಒಂದರ ಮೇಲೊಂದು ಎರಡಿಂಚು ಏರಿಸಿ, ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು, ಹೊಸ ಬ್ಲೇಡಿನಲ್ಲಿ ಎರಡನ್ನೂ ಒಟ್ಟಿಗೇ ಕತ್ತರಿಸಿ. ಬೇರೆ ಬೇರೆಯಾಗಿ ಕತ್ತರಿಸಿದರೆ ಎಷ್ಟೇ ಅಳೆದರೂ ಸಂದು ಕೂಡುವುದಿಲ್ಲ. ಗೋಡೆಯ ಬದಿಯಲ್ಲಿ 3ರಿಂದ 5 ಮಿ.ಮೀ. ಜಾಗ ಬಿಡಿ. ಗೋಡೆಗೆ ತಾಗಿಸಿ ಬಿಗಿಯಾಗಿ ಕೂರಿಸಿದ್ದು ಬೇಸಿಗೆಯಲ್ಲಿ ಉಬ್ಬಿ ನಡುವೆ ಗುಳ್ಳೆ ಏಳುತ್ತದೆ. ಸಂದಿಗೆ, ಬಾಗಿಲ ಬಳಿಗೆ ಮಾತ್ರ ಎರಡೂ ಬದಿ ಅಂಟುವ ಟೇಪ್ ಸಾಕು.

ಇದರ ದೋಷ ಭಾರದ ಗುರುತು. ಒಳಗಿನ ನೊರೆ ಪದರ ಬೀರುವಿನ ಕಾಲಡಿ ಕುಸಿದರೆ ಮೇಲೆ ಬರುವುದಿಲ್ಲ. ಒಂದು ಕಡೆ ಹರಿದರೆ ತೇಪೆ ಹಾಕಬಹುದು, ಆದರೆ ತೇಪೆ ಕಾಣುತ್ತದೆ.

ಸ್ಟಿಕ್ಕರ್ ಹಲಗೆ

ಹಿಂಬದಿಯ ಕಾಗದ ಸುಲಿದು ಅಂಟಿಸುವ ಹಲಗೆ. ಅಗಲ 6 ಇಂಚು, ಉದ್ದ 3 ಅಡಿ. ಆನ್‌ಲೈನಿನಲ್ಲಿ ಹೆಚ್ಚು ಮಾರಾಟವಾಗುವುದೂ ಇದೇ, ನಾವು ಎಲ್ಲರಿಗಿಂತ ಕೊನೆಗೆ ಇಡುವುದೂ ಇದನ್ನೇ. ಹಾಕುವುದು ಸುಲಭ, ಯಾರೂ ಮಾಡಬಹುದು. ಸಮಸ್ಯೆ ಅಂಟಿನದು. ಟೈಲಿನ ಮೇಲೆ ಕಾಣದಷ್ಟು ಧೂಳಿದ್ದರೂ ಅಂಟು ಧೂಳನ್ನು ಹಿಡಿಯುತ್ತದೆ, ನೆಲವನ್ನಲ್ಲ. ಮೊದಲು ಏಳುವುದು ಮೂಲೆಗಳು, ಅದರಲ್ಲೂ ಬಚ್ಚಲ ಬಾಗಿಲ ಬಳಿ. ಕಲಬುರಗಿ, ರಾಯಚೂರಿನಂಥ ಕಡೆ ಬೇಸಿಗೆಯಲ್ಲಿ ಅಂಟು ಮೆತ್ತಗಾಗಿ ಹಲಗೆ ಒಂದೆರಡು ಮಿ.ಮೀ. ಸರಿಯುತ್ತದೆ. ಸರಿದ ಸಂದಿನಲ್ಲಿ ಅಂಟು ಮೇಲೆ ಬಂದು, ಕಾಲ ಕೊಳೆ ಹಿಡಿದು, ಹಲಗೆ ಹಲಗೆಗೂ ಕಪ್ಪು ಗೆರೆ ಮೂಡುತ್ತದೆ. ಒರೆಸಿದರೆ ಹೋಗುವ ಗೆರೆ ಅಲ್ಲ ಅದು.

ಹಾಕಲೇಬೇಕಿದ್ದರೆ ಪ್ರೈಮರ್ (ಅಂಟು ಹಿಡಿಯಲೆಂದು ನೆಲಕ್ಕೆ ಮೊದಲು ಬಳಿಯುವ ದ್ರವ) ಹಚ್ಚಿ, ಪೂರ್ತಿ ಒಣಗಿಸಿ, ಪ್ರತಿ ಹಲಗೆಯನ್ನೂ ಕೈರೋಲರಿನಲ್ಲಿ ನಡುವಿನಿಂದ ಅಂಚಿಗೆ ಒತ್ತಿ. 2 ಮಿ.ಮೀ. ದಪ್ಪದ್ದನ್ನೇ ತನ್ನಿ. ಚದರಡಿಗೆ 60ರಿಂದ 80 ರೂಪಾಯಿ ಬೀಳುವ ಈ ಹಲಗೆಗೆ ಕೊಡುವ ದುಡ್ಡಿನಲ್ಲಿ ಮುಂದಿನ ಬಗೆಯೇ ಸಿಗುತ್ತದೆ ಎಂಬುದನ್ನು ಮರೆಯಬೇಡಿ. ಓದುವ ಮೂಲೆ, ಅಟ್ಟದ ಸಣ್ಣ ಕೋಣೆ ಇಂಥ ಒಣ ಜಾಗಕ್ಕೆ ಸರಿ.

ಅಂಟಿನ ಹಲಗೆ

ಅದೇ ಅಳತೆ, ಅದೇ 2 ಮಿ.ಮೀ.; ಅಂಟು ಮಾತ್ರ ಬೇರೆ ತಂದು ನೆಲಕ್ಕೆ ಬಳಿಯಬೇಕು. ಸ್ವಂತ ಮನೆ, ಮಹಡಿಯ ಮೇಲಿನ ಕೋಣೆ, ಒಣ ನೆಲ ಇದ್ದರೆ ಕೊಟ್ಟ ಕಾಸಿಗೆ ಹೆಚ್ಚು ಬಾಳುವುದು ಇದೇ ಎಂದು ಖಚಿತವಾಗಿ ಹೇಳುತ್ತೇವೆ. ನಡೆದರೆ ಟೊಳ್ಳು ಸದ್ದಿಲ್ಲ. ಬಾಗಿಲಿಗೆ ತಾಗುವುದಿಲ್ಲ. ಬೀರು ಇಟ್ಟರೂ ಕುಸಿಯುವುದಿಲ್ಲ.

ಎಲ್ಲವೂ ನಿಂತಿರುವುದು ಅಂಟಿನ ಮೇಲೆ. ಸ್ಥಳೀಯ ಕೆಲಸದವರು ಹಲವರು ರೆಕ್ಸಿನ್, ಫೋಮ್ ಅಂಟಿಸುವ ರಬ್ಬರ್ ಅಂಟನ್ನೇ ಬಳಿದುಬಿಡುತ್ತಾರೆ. ವಿನೈಲನ್ನು ಮೆದು ಮಾಡಲು ಸೇರಿಸಿರುವ ಎಣ್ಣೆಯಂಥ ರಾಸಾಯನಿಕ ನಿಧಾನವಾಗಿ ಅಂಟಿಗೆ ಇಳಿದು ಅದನ್ನು ಲೋಳೆ ಮಾಡುತ್ತದೆ. ಮೊದಲ ವರ್ಷ ಚೆನ್ನಾಗಿದ್ದು ಆಮೇಲೆ ಅಂಚು ಏಳುವುದಕ್ಕೆ ಎಷ್ಟೋ ಕಡೆ ಕಾರಣ ಇದೇ. ವಿನೈಲ್ ನೆಲಕ್ಕೆಂದೇ ಬರುವ ನೀರಿನಾಧಾರದ ಅಕ್ರಿಲಿಕ್ ಅಂಟು ಕೇಳಿ ತನ್ನಿ. 120 ಚದರಡಿಗೆ ಮೂರರಿಂದ ಮೂರೂವರೆ ಕಿಲೋ ಸಾಕು.

ಸಣ್ಣ ಹಲ್ಲಿನ ಕರಣೆಯಲ್ಲಿ ಬಳಿದಾಗ ಅಂಟು ಹಾಲಿನ ಬಣ್ಣದಲ್ಲಿರುತ್ತದೆ. ಅದು ಪಾರದರ್ಶಕವಾಗುವವರೆಗೆ ಕಾಯಬೇಕು. ಬೆರಳಿಟ್ಟರೆ ಜಿಗುಟಾಗಿರಬೇಕು, ಬೆರಳಿಗೆ ಅಂಟು ಹತ್ತಬಾರದು. ಒಣಹವೆಯಲ್ಲಿ ಅರ್ಧ ಗಂಟೆ, ಮಳೆಗಾಲದಲ್ಲಿ ಗಂಟೆ ಮೀರಬಹುದು. ಗಡಿಯಾರ ನೋಡಿ ಹಲಗೆ ಇಡಬೇಡಿ, ಬೆರಳಿಟ್ಟು ನೋಡಿ ಇಡಿ. ಹಸಿ ಅಂಟಿನ ಮೇಲೆ ಇಟ್ಟರೆ ಒಳಗಿನ ನೀರಿಗೆ ಹೋಗಲು ದಾರಿಯಿಲ್ಲದೆ ಹಲಗೆ ತೇಲುತ್ತದೆ.

ನಮ್ಮ ಕೋಣೆಗೆ 6 ಇಂಚಿನ 20 ಸಾಲು, ಸಾಲಿಗೆ ನಾಲ್ಕು ಹಲಗೆ, ಒಟ್ಟು 80. ಎರಡನೇ ಸಾಲನ್ನು ಎರಡಡಿ ತುಂಡಿನಿಂದ, ಮೂರನೆಯದನ್ನು ಒಂದಡಿ ತುಂಡಿನಿಂದ ಶುರುಮಾಡಿದರೆ ಸಂದುಗಳು ಒಂದೇ ಗೆರೆಗೆ ಬರುವುದಿಲ್ಲ, ಒಂದು ಹಲಗೆ ಕತ್ತರಿಸಿದಾಗ ಸಿಗುವ ಎರಡೂ ತುಂಡು ಬಳಕೆಯಾಗುತ್ತವೆ. ದಾರಂದದ ಸುತ್ತ ಕತ್ತರಿಸಲು, ಮುಂದೆ ಬದಲಿಸಲು ಸೇರಿಸಿ 88 ತನ್ನಿ. ಗೋಡೆ ನೇರ ಇದೆ ಎಂದು ನಂಬಿ ಗೋಡೆಯಿಂದ ಶುರುಮಾಡಬೇಡಿ. ಕೋಣೆಯ ನಡುವೆ ಚಾಕ್‌ಪುಡಿ ದಾರ ಹೊಡೆದು ಆ ಗೆರೆಯಿಂದ ಶುರುಮಾಡಿ.

ಕೊಳ್ಳುವಾಗ ಒಟ್ಟು ದಪ್ಪಕ್ಕಿಂತ ಮೇಲಿನ ಪಾರದರ್ಶಕ ಪದರದ ದಪ್ಪ ಕೇಳಿ. ಸವೆಯುವುದು ಅದು. ಮನೆಗೆ 0.3 ಮಿ.ಮೀ. ಧಾರಾಳ, 0.1 ಮಿ.ಮೀ.ನದು ಊಟದ ಕುರ್ಚಿ ಎಳೆದಾಡುವ ಜಾಗದಲ್ಲಿ ಬೇಗ ಬಿಳಿಚುತ್ತದೆ. ಕೆಲವು ಪೆಟ್ಟಿಗೆಗಳ ಮೇಲೆ 12 ಮಿಲ್, 20 ಮಿಲ್ ಎಂದಿರುತ್ತದೆ. ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು, ಮಿ.ಮೀ. ಅಲ್ಲ. 12 ಮಿಲ್ ಅಂದರೆ 0.3 ಮಿ.ಮೀ., 20 ಅಂದರೆ 0.5. ಹಲಗೆ ಚದರಡಿಗೆ 65ರಿಂದ 100, ಅಂಟು ಮತ್ತು ಕೂಲಿ ಬೇರೆ.

ಎಸ್‌ಪಿಸಿ

ಸುಣ್ಣಕಲ್ಲಿನ ಪುಡಿಯನ್ನು ಪಿವಿಸಿಯಲ್ಲಿ ಕಲಸಿ ಮಾಡಿದ ಗಟ್ಟಿ ಹಲಗೆ. 4ರಿಂದ 5 ಮಿ.ಮೀ. ದಪ್ಪ, ಒಂದಕ್ಕೊಂದು ಕೊಂಡಿ ಹಾಕಿ ಕೂರಿಸುವಂಥದ್ದು. ನೆಲಕ್ಕೆ ಅಂಟಿಲ್ಲ. ಬಾಡಿಗೆ ಮನೆಯವರಿಗೆ ಇದನ್ನು ಬಿಟ್ಟು ಬೇರೇನೂ ಹೇಳಲಾರೆವು: ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು, ಮಾಲೀಕರ ಟೈಲ್ಸಿಗೆ ಕಲೆಯಿಲ್ಲ. ಬಿಚ್ಚುವಾಗ ಕೊನೆಯ ಸಾಲಿನಿಂದ ಇಡೀ ಸಾಲನ್ನೇ ಎತ್ತಿ, ಆಮೇಲೆ ಹಲಗೆಗಳನ್ನು ಪಕ್ಕಕ್ಕೆ ಜಾರಿಸಿ ಬೇರ್ಪಡಿಸಿ. ಒಂದೊಂದನ್ನೇ ಎತ್ತಿ ಎಳೆದರೆ ಕೊಂಡಿ ಮುರಿಯುತ್ತದೆ. ಹುಷಾರಾಗಿ ಬಿಚ್ಚಿದರೂ ಪದೇ ಪದೇ ಬಿಚ್ಚಿ ಹಾಕಿದಷ್ಟೂ ಕೊಂಡಿಯ ಹಿಡಿತ ಸಡಿಲವಾಗುತ್ತದೆ.

180 ಮಿ.ಮೀ. ಅಗಲ, 1220 ಮಿ.ಮೀ. ಉದ್ದದ ಹಲಗೆಯಾದರೆ ಹತ್ತರ ಪೆಟ್ಟಿಗೆ ಸುಮಾರು ಇಪ್ಪತ್ತಮೂರೂವರೆ ಚದರಡಿ. ನಮ್ಮ ಕೋಣೆಗೆ ಆರು ಪೆಟ್ಟಿಗೆ. 4 ಮಿ.ಮೀ. ದಪ್ಪದ್ದೇ ಒಂದು ಪೆಟ್ಟಿಗೆ ಹದಿನೇಳು ಕಿಲೋ ಮೀರುತ್ತದೆ. ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ನೂರು ಕಿಲೋ ಹೊರುವ ಕೂಲಿ ಲೆಕ್ಕಕ್ಕೆ ಸೇರಿಸಿ. ಬೆಲೆ ಚದರಡಿಗೆ 110ರಿಂದ 160 ರೂಪಾಯಿ.

ಸುತ್ತ ಗೋಡೆಗೂ ದಾರಂದಕ್ಕೂ 8 ಮಿ.ಮೀ. ಬಿಡಿ, ಗೋಡೆಯ ಬುಡಕ್ಕೆ ಹೊಡೆಯುವ ಪಟ್ಟಿ, ಅಂದರೆ ಸ್ಕರ್ಟಿಂಗ್, ಅದನ್ನು ಮುಚ್ಚುತ್ತದೆ. ಸ್ಕರ್ಟಿಂಗ್ ಮೊಳೆ ಗೋಡೆಗೆ ಹೋಗಬೇಕು, ಹಲಗೆಗಲ್ಲ. ಎರಡೂ ಬದಿ ಜಾಗ ಕಳೆದರೆ 16 ಪೂರ್ತಿ ಸಾಲು, ಕೊನೆಗೆ 152 ಮಿ.ಮೀ.ನ ಒಂದು ಸಾಲು ಬರುತ್ತದೆ. ನಿಮ್ಮ ಕೋಣೆಯಲ್ಲಿ ಕೊನೆಯ ಸಾಲು 60 ಮಿ.ಮೀ.ಗಿಂತ ಕಿರಿದಾಗುವುದಾದರೆ ಮೊದಲ ಸಾಲನ್ನೇ ಸೀಳಿ ಎರಡನ್ನೂ ಸರಿದೂಗಿಸಿ.

ಇದರ ಶತ್ರು ಏರುತಗ್ಗು. ತಗ್ಗಿನ ಮೇಲೆ ಕೂತ ಹಲಗೆ ಕಾಲಿಟ್ಟಾಗಲೆಲ್ಲ ಬಾಗಿ ಟಕ್ ಅನ್ನುತ್ತದೆ, ಕೊನೆಗೆ ಕೊಂಡಿ ಮುರಿದು ಸಂದು ಬಾಯಿ ಬಿಡುತ್ತದೆ. ಮೆತ್ತಗಿರಲಿ ಎಂದು ಕೆಳಗೆ ದಪ್ಪ ಫೋಮ್ ಹಾಸಿದರೆ ಇನ್ನೂ ಬೇಗ ಮುರಿಯುತ್ತದೆ; ಹಿಂಬದಿಗೆ ಮೆತ್ತೆ ಅಂಟಿಸಿಯೇ ಬಂದಿದ್ದರೆ ಬೇರೆ ಏನೂ ಹಾಸಬಾರದು. ಗೋಡೆಯಿಂದ ಗೋಡೆಗೆ ಕೂರಿಸಿದ ವಾರ್ಡ್‌ರೋಬನ್ನು ಇದರ ಮೇಲೆ ನಿಲ್ಲಿಸಬೇಡಿ. ಬಾಗಿಲಡಿ ಆರೇಳು ಮಿ.ಮೀ. ಇಲ್ಲದಿದ್ದರೆ ಬಾಗಿಲನ್ನು ಹೆರೆಸಬೇಕು.

ಹತ್ತಿರ ಹತ್ತಿರ ಇದೇ ಬೆಲೆಗೆ ಲ್ಯಾಮಿನೇಟ್ ಸಿಗುತ್ತದಲ್ಲ ಎಂದು ಕೇಳುವವರಿದ್ದಾರೆ. ಅದರ ಒಳಗಿರುವುದು ಮರದ ನಾರಿನ ಹಲಗೆ. ನೀರು ಕುಡಿದು ಅಂಚು ಉಬ್ಬುತ್ತದೆ, ಗೆದ್ದಲೂ ತಿನ್ನುತ್ತದೆ. ಮಲೆನಾಡಿಗೆ ಬೇಡ.

ನೀರು, ಬೆಂಕಿ, ಕಾಲೊರಸು

ನಾಲ್ಕೂ ವಾಟರ್‌ಪ್ರೂಫ್ ಎಂದೇ ಮಾರುತ್ತಾರೆ. ಹಲಗೆಗೆ ನೀರು ಏನೂ ಮಾಡುವುದಿಲ್ಲ, ನಿಜ. ಆದರೆ ಹಬ್ಬದ ಹಿಂದಿನ ದಿನ ಬಕೆಟ್ ಸುರಿದು ನೆಲ ತೊಳೆದರೆ ನೀರು ಸಂದಿನಿಂದ, ಸ್ಕರ್ಟಿಂಗ್ ಅಡಿಯಿಂದ ಇಳಿಯುತ್ತದೆ. ಎಸ್‌ಪಿಸಿ ಕೆಳಗೆ ಇಳಿದ ನೀರು ಆರುವುದಿಲ್ಲ, ಮುಗ್ಗಲು ವಾಸನೆ ಬರುತ್ತದೆ. ತೊಳೆಯುವ ಅಭ್ಯಾಸವಿರುವ ಮನೆಗಳಲ್ಲಿ ಅಡುಗೆಮನೆ, ಊಟದ ಜಾಗ ಟೈಲ್ಸೇ ಇರಲಿ. ಮಿಕ್ಕ ಕೋಣೆಗಳನ್ನು ಹಿಂಡಿದ ಬಟ್ಟೆಯಲ್ಲಿ ಒರೆಸಿದರೆ ಸಾಕು. ಆಸಿಡ್, ಬ್ಲೀಚ್, ಥಿನ್ನರ್ ಮುಟ್ಟಿಸಬೇಡಿ.

ದೇವರ ಕೋಣೆಗೆ ಯಾವುದೂ ಬೇಡ. ಊದುಬತ್ತಿಯ ಕಿಡಿ ಬಿದ್ದ ಕಡೆ ಕಂದು ಚುಕ್ಕೆ ಕೂರುತ್ತದೆ, ಎಷ್ಟು ತಿಕ್ಕಿದರೂ ಹೋಗದು. ಬಿಸಿ ಕುಕ್ಕರ್ ನೆಲಕ್ಕಿಟ್ಟರೂ ಅದೇ ಗತಿ. ಅರಿಸಿನ ಬಿದ್ದರೆ ತಕ್ಷಣ ಒರೆಸಬೇಕು.

ಕಾಲೊರಸು ಹಾಕುವಾಗ ಅಡಿ ತಿರುಗಿಸಿ ನೋಡಿ. ರಬ್ಬರ್ ಅಡಿ ಇದ್ದರೆ ವಿನೈಲಿನಲ್ಲಿ ಹಳದಿ ಕಲೆ ಬೀಳುತ್ತದೆ. ಅದು ಕೊಳೆಯಲ್ಲ, ರಬ್ಬರಿನ ರಾಸಾಯನಿಕ ಒಳಗಿಳಿದು ಆದ ಬಣ್ಣ, ತೊಳೆದರೆ ಹೋಗುವುದಿಲ್ಲ. ಕುರ್ಚಿ, ಮಂಚದ ಕಾಲಿನ ರಬ್ಬರ್ ಬೂಟಿಗೂ ಇದೇ ಮಾತು. ಬಟ್ಟೆಯ ಕಾಲೊರಸು, ಕಾಲಿಗೆ ಫೆಲ್ಟ್ ಬಿಲ್ಲೆ ಹಾಕಿ. ಪಶ್ಚಿಮದ ಬಿಸಿಲು ನೇರ ಬೀಳುವ ಬಾಲ್ಕನಿ ಬಾಗಿಲ ಬಳಿ ಗಾಢ ಬಣ್ಣದ ಹಲಗೆ ಹೆಚ್ಚು ಕಾಯುತ್ತದೆ, ಬಣ್ಣವೂ ಮಾಸುತ್ತದೆ; ತಿಳಿ ಬಣ್ಣ ಆರಿಸಿ, ಪರದೆ ಹಾಕಿ.

ಒಂದು ಹಲಗೆ ಹಾಳಾದರೆ ಅಂಟಿನದಕ್ಕೆ ಹೇರ್ ಡ್ರೈಯರ್ ಹಿಡಿದು ಬಿಸಿ ಮಾಡಿ, ಪುಟ್ಟಿ ಬ್ಲೇಡಿನಲ್ಲಿ ಎಬ್ಬಿಸಿ, ಹಳೆ ಅಂಟು ಕೆರೆದು ಹೊಸದು ಕೂರಿಸಬಹುದು. ಅಂಟು ಒಣಗಲು ಕಾಯುವ ಹೊತ್ತು ಬಿಟ್ಟರೆ ಅರ್ಧ ಗಂಟೆಯ ಕೆಲಸ. ಎಸ್‌ಪಿಸಿಯಲ್ಲಿ ನಡುವಿನ ಹಲಗೆ ಹೋದರೆ ಹತ್ತಿರದ ಗೋಡೆಯಿಂದ ಅಲ್ಲಿಯವರೆಗೆ ಬಿಚ್ಚಬೇಕು. ಎರಡಕ್ಕೂ ಬದಲಿ ಹಲಗೆ ಕೈಯಲ್ಲಿರಬೇಕು. ಅದೇ ಹೆಸರಿನ ಬಣ್ಣ ಮುಂದಿನ ವರ್ಷ ತಂದರೂ ಬ್ಯಾಚ್ ಬೇರೆಯಾದರೆ ಛಾಯೆ ಬೇರೆ. ಮೊದಲೇ ಎಲ್ಲ ಪೆಟ್ಟಿಗೆಗಳ ಬ್ಯಾಚ್ ಸಂಖ್ಯೆ ಒಂದೇ ಇದೆಯೇ ನೋಡಿ ತನ್ನಿ, ಉಳಿದ ಐದಾರು ಹಲಗೆಗಳನ್ನು ಗೋಡೆಗೆ ಒರಗಿಸದೆ ಮಂಚದ ಕೆಳಗೆ ಮಟ್ಟಸವಾಗಿ ಮಲಗಿಸಿಡಿ.