ಕೌದಿ ಮೇಲಿನ ಊರು: ಸ್ಟೀವನ್‌ಸನ್ ಪದ್ಯಗಳ 120 ರೂಪಾಯಿ ಪ್ರತಿ

ಮಗಳು ಟೈಫಾಯಿಡ್ ಆಗಿ ಮೂರು ವಾರ ಹಾಸಿಗೆ ಹಿಡಿದಿದ್ದಳು. ಎಂಟು ವರ್ಷದ ಹುಡುಗಿ, ಒಂದು ಗಳಿಗೆ ಕೂತಲ್ಲಿ ಕೂಡುವವಳಲ್ಲ. ಮೊಬೈಲ್ ನೋಡಿದರೆ ತಲೆನೋವು ಅನ್ನುತ್ತಿದ್ದಳು. ಔಷಧಕ್ಕೆಂದು ಧಾರವಾಡಕ್ಕೆ ಹೋದ ದಿನ ಸುಭಾಸ ರಸ್ತೆಯ ಅಂಗಡಿಯೊಂದರಲ್ಲಿ ರಾಬರ್ಟ್ ಲೂಯಿ ಸ್ಟೀವನ್‌ಸನ್‌ನ ‘ಎ ಚೈಲ್ಡ್ಸ್ ಗಾರ್ಡನ್ ಆಫ್ ವರ್ಸಸ್’ ಸಿಕ್ಕಿತು. 1885ರಲ್ಲಿ ಮೊದಲು ಅಚ್ಚಾದ ಪುಸ್ತಕ. ನನಗೆ ಸಿಕ್ಕಿದ್ದು ಅದರ ಅಗ್ಗದ ಮರುಮುದ್ರಣ, 120 ರೂಪಾಯಿ. ನಾನು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಪಿಯುಸಿಯ ಇಂಗ್ಲಿಷಿಗೆ ಈ ಪದ್ಯಗಳು ಎಲ್ಲೂ ತೊಡಕಾಗಲಿಲ್ಲ.

ಮೊದಲು ಓದಿದ್ದು ‘ದಿ ಲ್ಯಾಂಡ್ ಆಫ್ ಕೌಂಟರ್‌ಪೇನ್’. ಹಾಗಂದರೇನು ಅಂತ ಕೇಳಿದಳು. "ನೀ ಹೊದ್ದಕೊಂಡಿಯಲ್ಲವ್ವಾ, ಅದ. ಕೌದಿ" ಅಂದೆ. ಜಡ್ಡಿನಲ್ಲಿ ಮಲಗಿದ ಹುಡುಗ, ತಲೆಗೆ ಎರಡು ದಿಂಬು. ಹಾಸಿಗೆಯ ಮಡಿಕೆಗಳಲ್ಲಿ ಸೀಸದ ಸಿಪಾಯಿಗಳ ದಂಡು ನಡೆಸುತ್ತಾನೆ, ಹಡಗು ಬಿಡುತ್ತಾನೆ, ಗಿಡ ನೆಟ್ಟು ಮನೆ ಇಡುತ್ತಾನೆ. ದಿಂಬಿನ ಗುಡ್ಡದ ಮೇಲೆ ಅಲುಗದೆ ಕೂತು ಎಲ್ಲ ನೋಡುವ ದೈತ್ಯನೂ ತಾನೇ.

ಮಗಳು ತನ್ನ ಕೌದಿ ನೋಡುತ್ತ ಸುಮ್ಮನಾದಳು. ಹಳೇ ಇಳಕಲ್ ಸೀರೆಗಳಿಗೆ ನನ್ನ ಡ್ಯೂಟಿ ಅಂಗಿಯನ್ನೂ ಸೇರಿಸಿ ನಮ್ಮವ್ವ ಹೊಲಿದ ಕೌದಿ ಅದು. "ಈ ಕರೀದು ಎರಿ ಹೊಲ. ಈ ಹಸರದು ಹೆಸರ ಬೆಳಿ. ಈ ನೀಲಿ ಉಣಕಲ್ಲ ಕೆರಿ" ಅಂತ ಒಂದೊಂದೇ ತುಂಡಿನ ಮೇಲೆ ಬೆರಳಿಟ್ಟಳು. ಆಮೇಲೆ ಮೊಣಕಾಲು ಎತ್ತಿ, "ಇದು ಕಪ್ಪತಗುಡ್ಡ" ಅಂದಳು. ಹತ್ತು ದಿನದಲ್ಲಿ ಮೊದಲ ಸಲ ಅವಳಾಗಿಯೇ ಆಡಿದ ಆಟ.

ಸ್ಟೀವನ್‌ಸನ್ 1850ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿ, ಎಳವೆಯಿಂದಲೂ ಕೆಮ್ಮು, ಎದೆಯ ರೋಗದಲ್ಲಿ ನರಳಿದವನು. 44ಕ್ಕೇ ಸಮೋವಾದಲ್ಲಿ ತೀರಿಹೋದ. ಈ ಪುಸ್ತಕ ಅರ್ಪಿಸಿರುವುದು ರಾತ್ರಿಯೆಲ್ಲ ತನ್ನ ಪಕ್ಕ ಎಚ್ಚರವಿದ್ದ ದಾದಿ ಆಲಿಸನ್ ಕನಿಂಗ್‌ಹ್ಯಾಮ್‌ಳಿಗೆ. ಮಗಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತವನಿಗೆ ಆ ಅರ್ಪಣೆಯ ಪುಟವೇ ಸಾಕಿತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ‘ದಿ ಲ್ಯಾಂಪ್‌ಲೈಟರ್’. ಹೊತ್ತು ಮುಳುಗುವಾಗ ಏಣಿ ಹೊತ್ತು ಬಂದು ಬೀದಿದೀಪ ಹಚ್ಚುವ ಲೀರಿಯನ್ನು ಹುಡುಗ ಕಿಟಕಿಯಿಂದ ಕಾಯುತ್ತಾನೆ. ಅಪ್ಪ ಬ್ಯಾಂಕಿನವನು, ಬೇಕಾದಷ್ಟು ಶ್ರೀಮಂತ. ಹುಡುಗನಿಗೆ ಮಾತ್ರ ದೊಡ್ಡವನಾಗಿ ಲೀರಿಯ ಜೊತೆ ದೀಪ ಹಚ್ಚಲು ಹೋಗುವ ಆಸೆ. ಸ್ಟೀವನ್‌ಸನ್‌ನ ಅಪ್ಪ, ಅಜ್ಜ ಇಬ್ಬರೂ ಸಮುದ್ರದ ದೀಪಸ್ತಂಭ ಕಟ್ಟಿದ ಎಂಜಿನಿಯರುಗಳು. ನಮ್ಮಜ್ಜ ಹುಲಕೋಟಿ ಸ್ಟೇಷನ್ನಿನಲ್ಲಿ ಲ್ಯಾಂಪ್‌ಮನ್ ಇದ್ದ. ಸಂಜೆ ಸೀಮೆಎಣ್ಣೆ ದೀಪ ಹಿಡಿದು ಸಿಗ್ನಲ್ ಕಂಬ ಹತ್ತುವಾಗ ನಮ್ಮಪ್ಪ ಕೆಳಗೆ ನಿಂತು ನೋಡುತ್ತಿದ್ದನಂತೆ. ಪದ್ಯದ ಕೊನೆಗೆ ಹುಡುಗ ಬೇಡಿಕೊಳ್ಳುತ್ತಾನೆ: ಲೀರಿ, ಇಲ್ಲೊಂದು ಸಣ್ಣ ಕೂಸು ಐತಿ, ಇವತ್ತು ಇತ್ತ ನೋಡಿ ತಲೆಯಾಡಿಸು. ಅಲ್ಲಿ ನನ್ನ ದನಿ ಕಟ್ಟಿತು. "ಮುತ್ತಜ್ಜನೂ ಕಂಬದ ಮ್ಯಾಲಿಂದ ನೋಡ್ತಿದ್ದನೇನಪಾ?" ಅಂದಳು. ನೋಡತಿದ್ದ ಅಂದೆ.

ಎಲ್ಲ ಪದ್ಯವೂ ಹೀಗಿಲ್ಲ. ‘ಫಾರಿನ್ ಚಿಲ್ಡ್ರನ್’ನಲ್ಲಿ ಹುಡುಗ ಬೇರೆ ದೇಶದ ಮಕ್ಕಳಿಗೆ, ನನ್ನ ಹಾಗಾಗಬೇಕು ಅಂತ ನಿಮಗೆ ಅನಿಸುವುದಿಲ್ಲವೇ ಎಂದು ಕೇಳುತ್ತಾನೆ. ನನಗೆ ಅದು ಸೇರಲಿಲ್ಲ, ಮುಂದಕ್ಕೆ ಹೋದೆ. ಕೊನೆಯ ‘ಟು ಎನಿ ರೀಡರ್’ ಮಾತ್ರ ದೊಡ್ಡವರದು. ತೋಟದಲ್ಲಿ ಆಡುತ್ತಿರುವ ಈ ಹುಡುಗನನ್ನು ಕಿಟಕಿ ಬಡಿದು ಕರೆದರೂ ಓಗೊಡುವುದಿಲ್ಲ. ಅವನು ಯಾವತ್ತೋ ಬೆಳೆದು ಹೋಗಿಬಿಟ್ಟ, ಅಲ್ಲಿರುವುದು ಗಾಳಿಯ ಕೂಸು ಅನ್ನುತ್ತದೆ. ಮಗಳು ನಿದ್ದೆಹೋದ ಮೇಲೆ ಅದನ್ನು ಒಬ್ಬನೇ ಎರಡು ಸಲ ಓದಿದೆ.

ಇನ್ನು ಈ ಪ್ರತಿಯ ವಿಷಯ. ಕಾಗದ ತೆಳು, ಹಿಂದಿನ ಪುಟದ ಅಕ್ಷರ ಮುಂದಕ್ಕೆ ಕಾಣುತ್ತದೆ. ಚಿತ್ರ ಒಂದೂ ಇಲ್ಲ. ಅದನ್ನು ಸಹಿಸಬಹುದು. ಸಹಿಸಲಾಗದ್ದು ‘ಫ್ರಮ್ ಎ ರೈಲ್ವೇ ಕ್ಯಾರೇಜ್’ಗೆ ಮಾಡಿದ ಅನ್ಯಾಯ. ಹದಿನಾರು ಸಾಲಿನ ಈ ಪದ್ಯದ ಲಯವೇ ಗಾಲಿಯ ಲಯ. ಸೇತುವೆ, ಮನೆ, ಬೇಲಿ, ದನ, ಎಲ್ಲ ಮಳೆ ಹೊಡೆದ ಹಾಗೆ ಹಿಂದೆ ಓಡುತ್ತವೆ. ಬಣ್ಣ ಬಳಿದ ಸ್ಟೇಷನ್ನುಗಳು ಶಿಳ್ಳೆ ಹಾಕಿ ಸರಿಯುತ್ತವೆ. ಉಸಿರು ಬಿಡದೆ ಓದಬೇಕು. ಗಾಲಿ, ಬೇರಿಂಗ್ ಜೊತೆ ಇಪ್ಪತ್ತು ವರ್ಷ ಕಳೆದವನಾಗಿ ಹೇಳುತ್ತೇನೆ, ಕಿವಿಗೆ ಇದು ಸರಿಯಾದ ಓಟ. ಇಲ್ಲಿ ಎಂಟನೇ ಸಾಲಿಗೆ ಪುಟ ಮುಗಿಯುತ್ತದೆ, ಉಳಿದ ಎಂಟು ಹಾಳೆ ತಿರುವಿದ ಮೇಲೆ. ಮಗಳು ಪ್ರತಿ ಸಲವೂ "ಗಾಡಿ ಯಾಕ ನಿಂತು?" ಅಂತ ಕೇಳುತ್ತಿದ್ದಳು.

ದುಡ್ಡು ಕೂಡಿದರೆ ಚಾರ್ಲ್ಸ್ ರಾಬಿನ್‌ಸನ್ ಬಿಡಿಸಿದ ಚಿತ್ರಗಳಿರುವ ಮುದ್ರಣ ಹುಡುಕಿ ಕೊಳ್ಳಿ. ಇಲ್ಲದಿದ್ದರೆ ಇದೇ ಆಗಲಿ, ಆದರೆ ಮಕ್ಕಳ ಕೈಗೆ ಕೊಟ್ಟು ಸುಮ್ಮನಾಗದೆ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಿ. ನಾನು ಆ ಎರಡು ಪುಟಗಳನ್ನು ಝೆರಾಕ್ಸ್ ಮಾಡಿಸಿ, ಹದಿನಾರೂ ಸಾಲು ಒಂದೇ ಹಾಳೆಗೆ ಅಂಟಿಸಿ, ಅವಳ ಹಾಸಿಗೆ ಎದುರಿನ ಗೋಡೆಗೆ ಹಚ್ಚಿದ್ದೇನೆ.