ಮನೆ ಫೋನಿನ ಖರ್ಚು ಇಳಿಸಲು ಮೂರು ದಾರಿ: ನಾವು ಮಾಡಿ ನೋಡಿದ್ದು

ಒಂದು ವರ್ಷದ ಫೋನ್ ಬಿಲ್‌ಗಳನ್ನು ಮೇಜಿನ ಮೇಲೆ ಹರಡಿಕೊಂಡು ಪೆನ್ಸಿಲ್ ಹಿಡಿದು ಕೂತೆ. ಮಾತಾಡಿದ್ದಕ್ಕೆ ಎಷ್ಟು, ಸುಮ್ನೆ ಲೈನ್ ಇಟ್ಟುಕೊಂಡಿದ್ದಕ್ಕೆ ಎಷ್ಟು ಅಂತ ಬೇರೆ ಬೇರೆ ಬರೆದೆ. ಮಾತಿನ ಖರ್ಚು ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ. ಉಳಿದದ್ದೆಲ್ಲ ತಿಂಗಳ ಬಾಡಿಗೆ, ಕಾಲರ್ ಐಡಿ, ಕಾಲ್ ವೇಟಿಂಗ್, ತೆರಿಗೆ. ಇಷ್ಟು ವರ್ಷ ಅಮ್ಮ ದೊಡ್ಡಮ್ಮನ ಜೊತೆ ಮಾತಿಗೆ ಕೂತಾಗಲೆಲ್ಲ "ಬೇಗ ಮುಗಿಸಮ್ಮ, ಬಿಲ್ ಏರುತ್ತೆ" ಅಂತಿದ್ದೆ. ಅವರು ಮಾತು ಕಡಿಮೆ ಮಾಡಿದ್ದರಿಂದ ಬಿಲ್ ಇಳಿದೇ ಇರಲಿಲ್ಲ. ಅದು ಮನಸ್ಸಿಗೆ ಚುಚ್ಚಿತು. ಇಳಿಸಬೇಕಾದದ್ದು ಬಾಡಿಗೆಯನ್ನು, ಮಾತನ್ನಲ್ಲ.

ಮೂರು ದಾರಿ ಹಿಡಿದೆವು. ಒಂದೊಂದಕ್ಕೂ ಎರಡು ತಿಂಗಳು.

ಮೊದಲನೆಯದು ಹಳೆ ಲ್ಯಾಂಡ್‌ಲೈನನ್ನೇ ಇಟ್ಟುಕೊಂಡು ಬೇಡದ್ದನ್ನು ತೆಗೆಸುವುದು. ಒಂದೇ ಕರೆಯಲ್ಲಿ ಕಾಲ್ ವೇಟಿಂಗ್ ಹೋಯಿತು, ಕಡಿಮೆ ಬಾಡಿಗೆಯ ಪ್ಲಾನ್ ಸಿಕ್ಕಿತು. ಬಿಲ್ ಕಾಲು ಭಾಗ ಇಳಿಯಿತು. ಇಷ್ಟು ಸುಲಭದ ಉಳಿತಾಯ ಬೇರೆ ಇಲ್ಲ. ತಾಮ್ರದ ತಂತಿಯ ಲೈನಿಗೆ ಒಂದು ನಿಜವಾದ ಬಲವೂ ಇದೆ. ಎಕ್ಸ್‌ಚೇಂಜಿನಿಂದಲೇ ಸುಮಾರು 48 ವೋಲ್ಟ್ ಬರುವುದರಿಂದ ಮನೆಯಲ್ಲಿ ಕರೆಂಟ್ ಹೋದರೂ ಫೋನ್ ಕೆಲಸ ಮಾಡುತ್ತದೆ. ಆದರೆ ನಮ್ಮದು ಕಾರ್ಡ್‌ಲೆಸ್. ಅದರ ಬೇಸ್ ಗೋಡೆಯ ಪ್ಲಗ್ಗಿಗೆ ಹಾಕಿರುವುದು. ಕರೆಂಟ್ ಹೋದರೆ ಅದೂ ಸತ್ತಂತೆ. ಆ ಬಲ ಬೇಕಿದ್ದರೆ ವೈರ್ ಇರುವ ಸಾದಾ ಫೋನ್ ಇರಬೇಕು. ಲೈನ್ ಫೈಬರ್‌ಗೆ ಬದಲಾಗಿದ್ದರಂತೂ ಆ ಲಾಭವೇ ಇಲ್ಲ, ಏಕೆಂದರೆ ಫೈಬರ್ ಪೆಟ್ಟಿಗೆಗೂ ಮನೆಯ ಕರೆಂಟೇ ಬೇಕು.

ಎರಡನೆಯದು ಬರೀ ಮೊಬೈಲ್. ಲ್ಯಾಂಡ್‌ಲೈನ್ ಕರೆಗಳನ್ನು ಮೊಬೈಲಿಗೆ ತಿರುಗಿಸಿ ಫೋನನ್ನು ಎತ್ತಿಟ್ಟೆವು. ಲೆಕ್ಕದಲ್ಲಿ ಇದೇ ಅಗ್ಗ. ಎಲ್ಲರ ಹತ್ತಿರವೂ ಮೊಬೈಲ್ ಇತ್ತು, ಅಮ್ಮನಿಗೊಂದು ಸಣ್ಣ ಪ್ರಿಪೇಯ್ಡ್ ಸಾಕಾಯಿತು. ಹಿಂದಿನ ಕೋಣೆಯಲ್ಲಿ ಸಿಗ್ನಲ್ ಇರಲಿಲ್ಲ, ವೈಫೈ ಕಾಲಿಂಗ್ ಆನ್ ಮಾಡಿದ ಮೇಲೆ ಸರಿಹೋಯಿತು. ತೊಂದರೆ ಬೇರೆಯದೇ. ಒಂದು ಸಂಜೆ ಅಮ್ಮನ ಮೊಬೈಲ್ ಚಾರ್ಜ್ ಮುಗಿದು ದಿಂಬಿನ ಕೆಳಗೆ ಬಿದ್ದಿತ್ತು. ದೊಡ್ಡಮ್ಮ ರಾತ್ರಿವರೆಗೂ ಫೋನ್ ಮಾಡಿ ಮಾಡಿ, ಏನಾಯಿತೋ ಅಂತ ಗಾಬರಿಯಾಗಿ ಕೊನೆಗೆ ನನಗೆ ಮಾಡಿದರು. ಮನೆ ಫೋನ್ ಅಂದರೆ ಯಾರಾದರೂ ಎತ್ತುತ್ತಾರೆ. ಮೊಬೈಲ್ ಹಾಗಲ್ಲ, ಅಲ್ವಾ?

ಆ್ಯಪ್‌ಗಳ ಕರೆ ಉಚಿತ ನಿಜ. ದೂರದ ದೇಶದಲ್ಲಿರುವವರ ಜೊತೆ ಮಾತಾಡಲು ನಾವೂ ಅದನ್ನೇ ಬಳಸುತ್ತೇವೆ. ಆದರೆ ಆ ಕಡೆಯವರ ಹತ್ತಿರವೂ ಅದೇ ಆ್ಯಪ್ ಇರಬೇಕು. 2003ರಲ್ಲಿ ಶುರುವಾಗಿ ಮನೆಮಾತಾಗಿದ್ದ ಸ್ಕೈಪ್ 2025ರ ಮೇ ತಿಂಗಳಲ್ಲಿ ನಿಂತೇ ಹೋಯಿತು. ಮನೆಯ ನಂಬರನ್ನು ಅಂಥದ್ದರ ಮೇಲೆ ನಿಲ್ಲಿಸಲು ನನಗೆ ಧೈರ್ಯವಿಲ್ಲ.

ಮೂರನೆಯದು ಇಂಟರ್ನೆಟ್ ಫೋನ್. ಕರೆಯನ್ನು ಇಂಟರ್ನೆಟ್ ಮೂಲಕ ಕಳಿಸುವ, ಅಂಗೈಯಷ್ಟು ದೊಡ್ಡ ಅಡಾಪ್ಟರ್. ಒಂದು ಕಡೆ ರೌಟರ್‌ನ ಕೇಬಲ್, ಇನ್ನೊಂದು ಕಡೆ ನಮ್ಮ ಹಳೆ ಫೋನಿನ ವೈರ್. ಎತ್ತಿದರೆ ಅದೇ ಡಯಲ್ ಟೋನ್. ಅಮ್ಮನಿಗೆ ಹೊಸದಾಗಿ ಕಲಿಯಬೇಕಾದದ್ದು ಏನೂ ಇರಲಿಲ್ಲ. ನನ್ನ ಮನಸ್ಸು ಅಲ್ಲೇ ಅರ್ಧ ವಾಲಿತು.

ಆದರೂ ಮೊದಲ ವಾರ ಕಷ್ಟವಾಯಿತು. "ಅವಳ ಮಾತು ಮುಗಿಯೋಕೆ ಮುಂಚೇನೇ ನಾನು ಶುರು ಮಾಡ್ತೀನಿ ಕಣೋ, ಇಬ್ಬರ ಮಾತೂ ಡಿಕ್ಕಿ ಹೊಡೀತಿದೆ" ಅಂದರು ಅಮ್ಮ. ಇಂಟರ್ನೆಟ್ ವೇಗ ಸಾಲದೇನೋ ಅಂದುಕೊಂಡೆ. ಅದಲ್ಲ. ಒಂದು ಕರೆಗೆ ಸೆಕೆಂಡಿಗೆ ಸುಮಾರು 90 ಕಿಲೋಬಿಟ್ ಸಾಕು, ಯಾವ ಬ್ರಾಡ್‌ಬ್ಯಾಂಡಿಗೂ ಅದು ಭಾರವಲ್ಲ. ಕಾಡುವುದು ತಡ. ಮಾತು ಈ ಕಡೆಯಿಂದ ಆ ಕಡೆಗೆ 150 ಮಿಲಿಸೆಕೆಂಡಿನ ಒಳಗೆ ಮುಟ್ಟಿದರೆ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ, ಜಾಸ್ತಿಯಾದರೆ ಹೀಗೆ ಡಿಕ್ಕಿ. ಅದೇ ಹೊತ್ತಿಗೆ ಮಗಳ ಕಂಪ್ಯೂಟರ್ ಫೋಟೋಗಳನ್ನೆಲ್ಲ ಅಪ್‌ಲೋಡ್ ಮಾಡುತ್ತಿತ್ತು. ಅಮ್ಮನ ಮಾತು ಅದರ ಹಿಂದೆ ಸಾಲಲ್ಲಿ ನಿಲ್ಲುತ್ತಿತ್ತು. ರೌಟರ್ ಸೆಟ್ಟಿಂಗ್‌ನಲ್ಲಿ ಅಡಾಪ್ಟರ್‌ಗೆ ಮೊದಲ ಆದ್ಯತೆ ಕೊಟ್ಟೆ. ಮರುದಿನದಿಂದ ದೂರಿಲ್ಲ.

ಕರೆಂಟ್ ವಿಷಯಕ್ಕೆ ರೌಟರ್, ಅಡಾಪ್ಟರ್ ಎರಡನ್ನೂ ಒಂದು ಸಣ್ಣ ಯುಪಿಎಸ್‌ಗೆ ಹಾಕಿ ಮೇನ್ ಸ್ವಿಚ್ ಇಳಿಸಿ ನೋಡಿದೆ. ಎರಡು ಗಂಟೆ ದಾಟಿಯೂ ನಡೆಯಿತು. ಬೀದಿಯಲ್ಲಿರುವ ಇಂಟರ್ನೆಟ್ ಕಂಪನಿಯ ಪೆಟ್ಟಿಗೆಗೇ ಕರೆಂಟ್ ಹೋದರೆ ಯುಪಿಎಸ್ ಇದ್ದೂ ಪ್ರಯೋಜನವಿಲ್ಲ. ಹಾಗಾಗಿ ಚಾರ್ಜ್ ಇರುವ ಒಂದು ಮೊಬೈಲ್ ಮನೆಯಲ್ಲಿ ಇರಲೇಬೇಕು. ತುರ್ತು ಕರೆಯ ಮಾತಂತೂ ಮೊದಲೇ ಕೇಳಿ. ಕೆಲವು ಇಂಟರ್ನೆಟ್ ಫೋನುಗಳಿಂದ ತುರ್ತು ನಂಬರ್ ಸಿಗುವುದಿಲ್ಲ. ಸಿಕ್ಕರೂ ನೀವು ಬರೆಸಿದ ವಿಳಾಸವೇ ತುರ್ತು ಸೇವೆಯವರಿಗೆ ಕಾಣಬಹುದು, ಆದ್ದರಿಂದ ಮನೆ ಬದಲಿಸಿದಾಗ ಅದನ್ನೂ ಬದಲಿಸಬೇಕು. ಫ್ಯಾಕ್ಸ್ ಅಥವಾ ಫೋನ್ ಲೈನಿಗೆ ಜೋಡಿಸಿದ ಕಳ್ಳರ ಅಲಾರಂ ಇದ್ದರೆ ಅವು ಕೈಕೊಡುವ ಸಾಧ್ಯತೆ ಜಾಸ್ತಿ. ಎಲ್ಲ ಕೋಣೆಯ ಫೋನೂ ಬಾರಿಸಬೇಕು ಅಂತ ಅಡಾಪ್ಟರನ್ನು ಮನೆಯ ಹಳೆ ವೈರಿಂಗ್‌ಗೆ ಸೇರಿಸುವವರು ಮೊದಲು ಹೊರಗಿನ ಲೈನನ್ನು ಬಿಡಿಸಿ. ಆ ಕಡೆಯಿಂದ ವೋಲ್ಟೇಜ್ ಬಂದರೆ ಅಡಾಪ್ಟರ್ ಸುಟ್ಟುಹೋಗಬಹುದು.

ಹಣದ ಲೆಕ್ಕ ಹೀಗಿದೆ. ಅಡಾಪ್ಟರ್ ಸೇವೆಯ ತಿಂಗಳ ಖರ್ಚು ಹಳೆ ಬಿಲ್ಲಿನ ಮೂರನೇ ಒಂದು ಭಾಗ. ಉಳಿದ ದುಡ್ಡಿನಲ್ಲಿ ಅಡಾಪ್ಟರಿನ ಬೆಲೆ ಐದು ತಿಂಗಳಲ್ಲಿ ವಾಪಸ್ ಬರುತ್ತದೆ ಅಂತ ಲೆಕ್ಕ ಹಾಕಿದ್ದೆ. ನಡುವೆ ಒಂದು ಪೆಟ್ಟು ಬಿತ್ತು. ಫೋನ್ ತೆಗೆಸಿದರೆ ಬ್ರಾಡ್‌ಬ್ಯಾಂಡಿನ ರಿಯಾಯಿತಿಯೂ ಹೋಗುತ್ತದೆ ಅಂತ ನಮ್ಮ ಕಂಪನಿಯವರು ಕೊನೇ ಗಳಿಗೆಯಲ್ಲಿ ಹೇಳಿದರು. ಮೊದಲೇ ಹೇಳಬೇಕಿತ್ತು. ಅದನ್ನು ಕಳೆದರೆ ಉಳಿತಾಯ ಅರ್ಧಕ್ಕೆ ಬಂತು. ಎರಡನ್ನೂ ಒಟ್ಟಿಗೆ ತೆಗೆದುಕೊಂಡವರು ಇದನ್ನು ಕೇಳಿಯೇ ಮುಂದುವರಿಯಿರಿ.

ಒಬ್ಬರೇ ಇರುವವರಿಗೆ ನಾನು ಮೊಬೈಲೇ ಸಾಕು ಅನ್ನುತ್ತೇನೆ. ಇಂಟರ್ನೆಟ್ ದಿನಕ್ಕೆರಡು ಸಲ ಬೀಳುವ ಕಡೆ ಬೇಡದ್ದನ್ನೆಲ್ಲ ತೆಗೆಸಿದ ಲ್ಯಾಂಡ್‌ಲೈನ್ ಸರಿ. ವಯಸ್ಸಾದವರಿರುವ ನಮ್ಮಂಥ ಮನೆಗೆ ಅಡಾಪ್ಟರ್. ನಾವು ಅದನ್ನೇ ಉಳಿಸಿಕೊಂಡೆವು.

ಹಳೆ ನಂಬರನ್ನು ಹೊಸ ಸೇವೆಗೆ ಪೋರ್ಟ್ ಮಾಡಿಸಿದೆವು. ಪೋರ್ಟ್ ಮುಗಿಯುವವರೆಗೂ ಹಳೆ ಲೈನ್ ರದ್ದು ಮಾಡಿಸಬೇಡಿ, ನಂಬರೇ ಕೈತಪ್ಪಿ ಹೋಗಬಹುದು. ನಮಗೆ ಒಂಬತ್ತು ದಿನ ಹಿಡಿಯಿತು. ಹತ್ತನೇ ದಿನ ಬೆಳಿಗ್ಗೆ ಫೋನ್ ಬಾರಿಸಿತು. ದೊಡ್ಡಮ್ಮ, ಹಳೆ ನಂಬರಿಗೇ ಮಾಡಿದ್ದರು.