ಬಲವಂತದ ಕಳ್ಳನ ಕಥೆಗೆ ಯಾವ ಒತ್ತಡ: ಮಗಳ ಅಪಹರಣವೋ, ಮೀಟರ್ ಬಡ್ಡಿಯೋ?

ರಾಯಚೂರು ಎಪಿಎಂಸಿಯ ಒಂದು ಅಡತಿ ಅಂಗಡಿ. ಹತ್ತಿ ಸುಗ್ಗಿ. ತಿಜೋರಿ ಕೀಲಿ ಇರುವುದು ಗುಮಾಸ್ತನ ಕೈಯಲ್ಲಿ. ಕಳ್ಳತನವನ್ನೇ ಅರಿಯದ ಆ ಮನುಷ್ಯ ಸಾವುಕಾರನ ದುಡ್ಡಿಗೆ ಕೈ ಹಾಕುವಂತೆ ಮಾಡುವುದು ಹೇಗೆ? ಈ ಕಥೆಯನ್ನು ಎರಡು ಬಗೆಯಲ್ಲಿ ಬರೆದು, ಇಪ್ಪತ್ತು ನಿಮಿಷದ ಕಿರುಚಿತ್ರದ ಅಳತೆಗೆ ತಂದು ನೋಡಿದೆ: ಒಂದರಲ್ಲಿ ಅವನ ಮಗಳ ಅಪಹರಣ, ಇನ್ನೊಂದರಲ್ಲಿ ಮೀಟರಿನಂತೆ ಏರುತ್ತಲೇ ಹೋಗುವ ಬಡ್ಡಿಯ ಸಾಲ. ನನ್ನ ಆಯ್ಕೆ ಮೀಟರ್ ಬಡ್ಡಿ.

ಅಪಹರಣದ ಕಥೆಯನ್ನು ಕೆಡಿಸುವುದು 112. ಮಗಳನ್ನು ಎತ್ತಿಕೊಂಡು ಹೋದ ಮರುಕ್ಷಣವೇ ನೋಡುವವರು ಕೇಳುತ್ತಾರೆ: ಪೊಲೀಸರಿಗೆ ಯಾಕೆ ಫೋನ್ ಮಾಡಲಿಲ್ಲ? ಅದಕ್ಕೆ ಉತ್ತರ ಕೊಡಲು ಫೋನ್ ಕಿತ್ತುಕೊಳ್ಳಬೇಕು, ಅಂಗಡಿ ಎದುರು ಒಬ್ಬ ಕಾವಲುಗಾರನನ್ನು ನಿಲ್ಲಿಸಬೇಕು, ಇಲ್ಲವೇ ಪೊಲೀಸರಲ್ಲೊಬ್ಬ ಶಾಮೀಲು ಎಂದು ತೋರಿಸಬೇಕು. ಒಂದೊಂದು ತೇಪೆಗೂ ಎರಡು ನಿಮಿಷ ಹೋಗುತ್ತದೆ. ತೇಪೆ ಹೆಚ್ಚಿದಷ್ಟೂ ಕಥೆ ಅಪಹರಣಕಾರನ ಜಾಣತನದ ಕಡೆ ವಾಲಿ, ಗುಮಾಸ್ತ ಬರೀ ಚೀಲ ಹೊರುವವನಾಗುತ್ತಾನೆ. ಅವನಿಗೆ ಬೇರೆ ದಾರಿಯೇ ಇಲ್ಲದಿದ್ದರೆ ಅವನು ಎಂಥವನು ಎಂಬುದು ಗೊತ್ತಾಗುವುದಾದರೂ ಹೇಗೆ?

ಸಾಲದ ಕಥೆಗೂ ಇಂಥದೇ ಪ್ರಶ್ನೆ ಇದೆ: ದೂರು ಯಾಕೆ ಕೊಡಲಿಲ್ಲ? ಸಾಲ ವಸೂಲಿ ಕಿರುಕುಳದ ವಿರುದ್ಧ 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದದ್ದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆದರೆ ಇಲ್ಲಿ ಒಂದೇ ದೃಶ್ಯ ಸಾಕು: ಬಡ್ಡಿ ಕಟ್ಟಲು ಗುಮಾಸ್ತ ಹಿಂದೊಮ್ಮೆ ಗಲ್ಲಾದಿಂದ ದುಡ್ಡು ತೆಗೆದು ಕಿರ್ದಿ ತಿದ್ದಿದ್ದಾನೆ. ದೂರು ಕೊಟ್ಟರೆ ಆ ಪುಟವೂ ಹೊರಬೀಳುತ್ತದೆ. ಬಡ್ಡಿಯವನ ಬಳಿ ಸಹಿ ಹಾಕಿದ ಖಾಲಿ ಚೆಕ್. ಅವನು ಕೂಗಾಡುವುದು ಬೇಡ: "ಸಹಿ ನಿಮ್ದೈತ್ರಿ, ತಾರೀಖು ನಾ ಹಾಕ್ತೀನಿ." ಮರ್ಯಾದೆಯ ಈ ಮಾತಿಗೆ ಇರುವ ಭಯ ಚಾಕುವಿಗಿಲ್ಲ.

ಕಾನೂನು ಕೂಡ ಸಾಲದ ಕಥೆಗೇ ಬಲ ಕೊಡುತ್ತದೆ. ಭಾರತೀಯ ನ್ಯಾಯ ಸಂಹಿತೆಯ 32ನೇ ಕಲಂ ಪ್ರಕಾರ, ಬೆದರಿಕೆಗೆ ಮಣಿದು ಮಾಡಿದ್ದಕ್ಕೆ ರಿಯಾಯಿತಿ ಸಿಗಬೇಕಾದರೆ ಆ ಕ್ಷಣವೇ ತನ್ನ ಜೀವ ಹೋಗುತ್ತದೆಂಬ ಭಯ ಇರಬೇಕು. ಚೆಕ್ಕಿನ ಭಯ ಅದರಲ್ಲಿ ಬರುವುದಿಲ್ಲ. ಬಲವಂತಕ್ಕೆ ಒಳಗಾದರೂ ಗುಮಾಸ್ತ ಪೂರ್ತಿ ಅಪರಾಧಿಯೇ, ಮತ್ತು ಅದು ಅವನಿಗೂ ಗೊತ್ತು. ನಟನಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕಿಲ್ಲ.

ಅಪಹರಣದ ಕಥೆಗೆ ಮಗಳ ಪಾತ್ರಕ್ಕೆ ಬಾಲನಟಿಯೂ ಬೇಕು. ಅವಳು 14ರೊಳಗಿನವಳಾದರೆ ಜಿಲ್ಲಾ ದಂಡಾಧಿಕಾರಿಯ ಅನುಮತಿ ಬೇಕು, ದಿನಕ್ಕೆ 5 ಗಂಟೆ ಮೀರಿ ಕೆಲಸ ಮಾಡಿಸುವಂತಿಲ್ಲ, 3 ಗಂಟೆಗೊಮ್ಮೆ ಬಿಡುವು ಕಡ್ಡಾಯ. ಸಣ್ಣ ತಂಡಕ್ಕೆ ಇದು ಭಾರ.

ಇನ್ನು ದುಡ್ಡು. ಅಪಹರಣ ಮಾಡುವವನು ಕೋಟಿ ಕೇಳದಿದ್ದರೆ ನಂಬಿಕೆ ಬರುವುದಿಲ್ಲ. 500ರ ನೋಟಿನಲ್ಲಿ ಕೋಟಿ ಎಂದರೆ ನೂರು ನೋಟಿನ 200 ಕಟ್ಟು, ತೂಕ 20 ಕೆಜಿಗೂ ಹೆಚ್ಚು. ಸಾಲದ ಕಥೆಗೆ 10 ಲಕ್ಷ ಸಾಕು: 20 ಕಟ್ಟು, ಬುತ್ತಿ ಚೀಲದಲ್ಲಿ ಹಿಡಿಸುತ್ತದೆ, ಹಮಾಲರ ನಡುವೆ ನಡೆದು ಹೋಗಬಹುದು. ಚಿತ್ರೀಕರಣಕ್ಕೆ ನೋಟಿನ ಕಲರ್ ಜೆರಾಕ್ಸ್ ಬೇಡ, ನೋಟನ್ನು ಹೋಲುವ ಕಾಗದ ತಯಾರಿಸುವುದೂ ಅಪರಾಧ. ಪ್ರತಿ ಕಟ್ಟಿನ ಮೇಲೊಂದು, ಕೆಳಗೊಂದು ಅಸಲಿ ನೋಟಿಟ್ಟರೆ 20 ಸಾವಿರದಲ್ಲಿ ಮುಗಿಯುತ್ತದೆ. ಕೋಟಿಯ ಕಥೆಗೆ ಇದೇ ಲೆಕ್ಕ 2 ಲಕ್ಷ. ನಡುವೆ 150 ಮಿ.ಮೀ. ಉದ್ದ, 66 ಮಿ.ಮೀ. ಅಗಲದ ಬಿಳಿ ಕಾಗದ ಇರಲಿ. ಅಂಚು ಕಾಣದಂತೆ ಕ್ಯಾಮೆರಾವನ್ನು ನೇರ ಮೇಲಿನಿಂದ ಇಡಿ.